ಧರ್ಮಕ್ಕೆ ಬಂದ ಕಂಪ್ಯೂಟರಿಗೂ ಮೊಳ ಹಾಕಬೇಕು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು 2005ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಗ ಶಾಲೆಯಲ್ಲಿದ್ದದ್ದು ಒಂದೇ ಕಂಪ್ಯೂಟರ್. ಅದು ಹೆಡ್‌ಮಾಸ್ಟರ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತಿರುತ್ತಿತ್ತು. ಮೂರು ವರ್ಷದಲ್ಲಿ ನಾನು ಅದನ್ನು ಮುಟ್ಟಿದ್ದು ಒಂದೇ ಸಲ, ಅದೂ ಧೂಳು ಒರೆಸಲು. ಮುಂದೆ ಬಿ.ಇ. ಸೇರಿದಾಗ ಮೌಸ್ ಹಿಡಿಯಲು ಬಾರದೆ ಪಕ್ಕದವನನ್ನು ಕದ್ದು ನೋಡಿ ಕಲಿತೆ. ಆ ನಾಚಿಕೆ ಮರೆತಿರಲಿಲ್ಲ. ಅದಕ್ಕೇ ಕಳೆದ ವರ್ಷ ನಮ್ಮ ಬ್ಯಾಚಿನವರೆಲ್ಲ ಸೇರಿ, ಕಚೇರಿಗಳಲ್ಲಿ ಬಳಸಿ ಬಿಟ್ಟ 14 ಕಂಪ್ಯೂಟರು, 2 ಲ್ಯಾಪ್‌ಟಾಪುಗಳನ್ನು ತಂದು ಇಲ್ಲಿ ಇಳಿಸಿದೆವು.

ಈಗ ಒಂದು ತಪ್ಪೊಪ್ಪಿಗೆ. ಮೊದಲ ಕಂಪ್ಯೂಟರನ್ನು ನಾನೇ ಪ್ಲಗ್ಗಿಗೆ ಹಾಕಿ ಸ್ವಿಚ್ ಒತ್ತಿದೆ. ಢಂ ಎಂದು ಸದ್ದಾಯಿತು, ಹಿಂದಿನಿಂದ ಹೊಗೆ ಬಂತು. ಎಂಟನೇ ತರಗತಿಯ ಹುಡುಗಿಯೊಬ್ಬಳು ಅದರ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದಳು. ದೇವರ ದಯೆ, ಅವಳಿಗೆ ಏನೂ ಆಗಲಿಲ್ಲ. ಆಮೇಲೆ ನೋಡಿದರೆ ಪವರ್ ಸಪ್ಲೈ ಹಿಂಭಾಗದ ಸಣ್ಣ ಕೆಂಪು ಸ್ವಿಚ್ಚು 115 ವೋಲ್ಟಿನ ಕಡೆಗಿತ್ತು. ನಮ್ಮಲ್ಲಿ ಬರುವುದು 230 ವೋಲ್ಟ್. ಇಂಜಿನಿಯರ್ ಅನ್ನಿಸಿಕೊಂಡ ನಾನು ಅದನ್ನು ನೋಡಿಯೇ ಇರಲಿಲ್ಲ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಅಂತ ನಮ್ಮ ಹಿರಿಯರು ನಗುತ್ತಾರೆ. ಅವತ್ತಿನಿಂದ ನನ್ನ ಅಭಿಪ್ರಾಯ ಬೇರೆ. ಧರ್ಮಕ್ಕೆ ಬಂದ ಕಂಪ್ಯೂಟರಿಗೆ ಹಿತ್ತಲಲ್ಲಲ್ಲ, ಎಲ್ಲರ ಎದುರೇ ಮೊಳ ಹಾಕಬೇಕು.

ಹೇಗೆ? ಆನ್ ಆಯಿತು ಅಂದ ಮಾತ್ರಕ್ಕೆ ಸರಿ ಇದೆ ಎಂದಲ್ಲ. ಹಳೆಯದು ಅಂದ ಮಾತ್ರಕ್ಕೆ ಕೆಟ್ಟದ್ದೂ ಅಲ್ಲ. ಪ್ರತಿ ಭಾಗದ ಬಗ್ಗೆ ಒಂದೇ ಪ್ರಶ್ನೆ ಕೇಳಿ: ಇದು ಕೆಟ್ಟರೆ ಏನಾಗುತ್ತದೆ?

ಕೆಲವು ಕೆಟ್ಟರೆ ಕೆಲಸ ನಿಲ್ಲುತ್ತದೆ, ಅಷ್ಟೇ. ಪ್ರೊಸೆಸರ್, ರ‍್ಯಾಮ್ ಈ ಜಾತಿಯವು. ರ‍್ಯಾಮ್ ಪರೀಕ್ಷಿಸುವ ಉಚಿತ ತಂತ್ರಾಂಶಗಳಿವೆ. ರಾತ್ರಿಯಿಡೀ ಓಡಿಸಿ, ಬೆಳಿಗ್ಗೆ ಒಂದು ತಪ್ಪು ಕಂಡರೂ ಪಕ್ಕಕ್ಕಿಡಿ. ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಸುತ್ತ ಸಣ್ಣ ಡಬ್ಬಿಯಂಥ ಕೆಪಾಸಿಟರುಗಳಿರುತ್ತವೆ. ಅವುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ಆ ಬೋರ್ಡು ಬೇಡ.

ಕೆಲವು ಕೆಟ್ಟರೆ ಶ್ರಮ ಹೋಗುತ್ತದೆ. ಅದು ಹಾರ್ಡ್‌ಡಿಸ್ಕ್. ಅದು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಎನ್ನುತ್ತಾರೆ. ಕೆಟ್ಟ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಮಕ್ಕಳ ಅಂಕಪಟ್ಟಿಯನ್ನು ಅದರಲ್ಲಿಡಬೇಡಿ. ಇನ್ನೊಂದು ಮಾತು, ಕೊಡುವವರಿಗೆ: ಫೈಲು ಡಿಲೀಟ್ ಮಾಡಿದರೆ ಅಳಿಸಿದಂತಲ್ಲ. ಇಡೀ ಡಿಸ್ಕಿನ ಮೇಲೆ ಹೊಸದಾಗಿ ಬರೆದು ಅಳಿಸಿದ ಮೇಲೆಯೇ ಕೊಡಿ.

ಮೂರನೆಯ ಜಾತಿಯವು ಕೆಟ್ಟರೆ ಮನುಷ್ಯರಿಗೇ ಪೆಟ್ಟು. ಪವರ್ ಸಪ್ಲೈ, ಕರೆಂಟಿನ ವೈರು, ಬ್ಯಾಟರಿ. ಇಲ್ಲಿ ಅನುಮಾನ ಬಂದರೆ ಉತ್ತರ ಒಂದೇ, ಬೇಡ. ಸುಟ್ಟ ವಾಸನೆ ಬಂದರೆ, ಫ್ಯಾನ್ ತಿರುಗದಿದ್ದರೆ, ವೈರಿನ ಸಿಪ್ಪೆ ಬಿರುಕು ಬಿಟ್ಟಿದ್ದರೆ ಹೊಸದು ತನ್ನಿ. ಪವರ್ ಸಪ್ಲೈ ಡಬ್ಬಿಯನ್ನಂತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು. ನಾವು ತಂದ ಲ್ಯಾಪ್‌ಟಾಪುಗಳಲ್ಲಿ ಒಂದರ ಬ್ಯಾಟರಿ ಉಬ್ಬಿತ್ತು. ಅಂಥದ್ದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು, ತಿಪ್ಪೆಗೂ ಎಸೆಯಬಾರದು. ಅದು ಹೊತ್ತಿಕೊಳ್ಳಬಹುದು. ಇ-ತ್ಯಾಜ್ಯಕ್ಕೆ 2023ರ ಏಪ್ರಿಲ್ 1ರಿಂದ ಹೊಸ ನಿಯಮಗಳೇ ಜಾರಿಯಲ್ಲಿವೆ. ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಕಂಪ್ಯೂಟರ್ ಮುಟ್ಟಿದರೆ ಜುಂ ಅನ್ನುತ್ತಿತ್ತು. ಹಳೇ ಮಾಲು, ಶಾಕ್ ಹೊಡೆಯುತ್ತೆ ಅಂದರು ಕೆಲವರು. ನಮ್ಮೂರ ವೈರ್‌ಮನ್ ಅಣ್ಣ ಬಂದು ಕಂಪ್ಯೂಟರನ್ನು ನೋಡಲೇ ಇಲ್ಲ, ನೇರ ಪ್ಲಗ್ ಪಾಯಿಂಟ್ ಬಿಚ್ಚಿದ. ಮೂರನೇ ತೂತಿಗೆ ಅರ್ಥಿಂಗ್ ವೈರೇ ಇರಲಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಹೊಚ್ಚ ಹೊಸ ಕಂಪ್ಯೂಟರಿನ ಮೈಯಲ್ಲೂ ಸ್ವಲ್ಪ ಕರೆಂಟು ಸೋರುತ್ತದೆ. ಭೂಮಿಗೆ ಹೋಗಲು ಅದಕ್ಕೆ ದಾರಿ ಬೇಕು. ಅರ್ಥ್ ಗುಂಡಿ ತೋಡಿ ವೈರ್ ಎಳೆದ ಮೇಲೆ ಜುಂ ನಿಂತಿತು. ನನ್ನ ಬಿ.ಇ.ಗಿಂತ ಅವನ ಅನುಭವ ಅವತ್ತು ದೊಡ್ಡದಾಯಿತು.

ಕೊನೆಗೆ 14ರಲ್ಲಿ ನಿಂತದ್ದು 9. ಉಳಿದ 5ರಿಂದ ಒಳ್ಳೆಯ ರ‍್ಯಾಮ್‌ಗಳನ್ನು ತೆಗೆದು ಆ 9ಕ್ಕೆ ಹಾಕಿದೆವು. ಹದಿನಾಲ್ಕು ಕೊಟ್ಟೆವು ಅಂತ ಫಲಕ ಹಾಕಿಸುವ ಆಸೆ ನಮಗೂ ಇತ್ತು, ಸುಳ್ಳು ಹೇಳಲಾರೆ.

ಗುರುಗಳೇ, ನಿಮ್ಮಲ್ಲಿ ಒಂದು ವಿನಂತಿ. ಹಳೆಯ ವಿದ್ಯಾರ್ಥಿಗಳು ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನಲು ನಿಮಗೆ ಸಂಕೋಚ. ದಯವಿಟ್ಟು ಬೇಡ ಎನ್ನಿ. ನಮ್ಮ ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆಯಲು ನೀವು ಯಾವತ್ತೂ ಹಿಂಜರಿದವರಲ್ಲ. ಗೆಳೆಯರೇ, ನಿಮ್ಮ ಮಗುವಿನ ಕೋಣೆಯಲ್ಲಿ ಇಡಲಾರದ್ದನ್ನು ಇಲ್ಲಿಗೆ ಕಳಿಸಬೇಡಿ.

ಅವತ್ತು ಬಗ್ಗಿ ನೋಡುತ್ತಿದ್ದ ಹುಡುಗಿ ಈಗ ಒಂಬತ್ತನೇ ತರಗತಿ. ಲ್ಯಾಬಿಗೆ ಯಾವ ಕಂಪ್ಯೂಟರ್ ಬಂದರೂ ಮೊದಲು ಹಿಂದಕ್ಕೆ ಹೋಗಿ ಕೆಂಪು ಸ್ವಿಚ್ಚು ನೋಡುತ್ತಾಳಂತೆ. ನಾನು ಕಲಿಯದೆ ಹೋದದ್ದನ್ನು ಅವಳು ಕಲಿತಿದ್ದಾಳೆ. ಅಷ್ಟು ಸಾಕು.