ಲಸಿಕೆಯ ಪಟ್ಟಿಯಲ್ಲಿ ಯಾರ ಹೆಸರು?

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಸಾಂಕ್ರಾಮಿಕ ರೋಗ ಬಂದಾಗ ಲಸಿಕೆ ಎಲ್ಲರಿಗೂ ಒಂದೇ ದಿನ ಸಿಕ್ಕುವುದಿಲ್ಲ. ಲಸಿಕೆ ಕಡಮೆ, ಜನ ಹೆಚ್ಚು. ಆಗ ಮೊದಲು ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ. ರೋಗ ತಗುಲಿದರೆ ಯಾರ ಪ್ರಾಣಕ್ಕೆ ಹೆಚ್ಚು ಅಪಾಯವೋ ಅವರಿಗೆ ಮೊದಲು ಎಂಬುದು ನ್ಯಾಯವಾದ ಉತ್ತರ. ಇದರಲ್ಲಿ ನಮ್ಮ ತಕರಾರಿಲ್ಲ. ಆದರೆ ಅಂಥವರನ್ನು ಗುರುತಿಸುವ ಬಗೆ ಹೇಗೆ? ಇಂದು ನಾನು ತಮ್ಮ ಮುಂದೆ ಇಡಬೇಕೆಂದಿರುವುದು ಇದೊಂದೇ ವಿಷಯ.

ಕೋವಿಡ್ ಕಾಲವನ್ನು ನೆನೆಯಿರಿ. 2021ರ ಜನವರಿ 16ರಂದು ನಮ್ಮ ದೇಶದಲ್ಲಿ ಲಸಿಕೆ ಆರಂಭವಾಯಿತು. ಮೊದಲು ಆಸ್ಪತ್ರೆಗಳಲ್ಲಿ ದುಡಿಯುವವರಿಗೆ, ಬಳಿಕ ಪೊಲೀಸರು, ಪೌರಕಾರ್ಮಿಕರು ಮೊದಲಾದವರಿಗೆ ಕೊಟ್ಟರು. ಮಾರ್ಚ್ 1ರಿಂದ 60 ವರ್ಷ ದಾಟಿದವರಿಗೂ, 45ರಿಂದ 59 ವರ್ಷದೊಳಗೆ ಬೇರೆ ಕಾಯಿಲೆ ಇದ್ದವರಿಗೂ ಕೊಟ್ಟರು. ಈ ಅನುಕ್ರಮಕ್ಕೆ ಆಧಾರವಿತ್ತು. ಕೋವಿಡ್‌ನಲ್ಲಿ ವಯಸ್ಸು ಏರಿದಂತೆ ಸಾವಿನ ಅಪಾಯವೂ ಏರುತ್ತದೆ. ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ರೋಗ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು.

ತೊಡಕು ಇದ್ದದ್ದು ಮುಂದಿನ ಹೆಜ್ಜೆಯಲ್ಲಿ. ಯಾವ ಯಾವ ಕಾಯಿಲೆ ಲೆಕ್ಕಕ್ಕೆ ಎಂದು ಸರ್ಕಾರ 20 ಬಾಬುಗಳ ಪಟ್ಟಿ ಮಾಡಿತು. ಆ ಕಾಯಿಲೆ ಇದೆಯೆಂದು ನೋಂದಾಯಿತ ವೈದ್ಯರಿಂದ ಸರ್ಟಿಫಿಕೇಟು ತರಬೇಕೆಂದಿತು. ವರ್ಷವರ್ಷ ರಕ್ತಪರೀಕ್ಷೆ ಮಾಡಿಸುವ ಅನುಕೂಲಸ್ಥನಿಗೆ ಇದು ಅರ್ಧ ಗಂಟೆಯ ಕೆಲಸ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಗಲ್ಲೆಯ ಮುಂದೆ ಕೂತು, ಒಮ್ಮೆಯೂ ಸಕ್ಕರೆ ನೋಡಿಸಿಕೊಳ್ಳದ ಕಿರಾಣಿ ಅಂಗಡಿಯವನ ಗತಿಯೇನು? ಅವನ ರಕ್ತದಲ್ಲಿ ಸಕ್ಕರೆ ಇದೆ, ಕಾಗದದಲ್ಲಿ ಇಲ್ಲ. ರೋಗ ಕಾಗದ ನೋಡಿ ಬರುವುದಿಲ್ಲ.

ಎದೆಯ ಕಾಯಿಲೆಯ ಬಾಬನ್ನು ನೋಡಿ. ಹಿಂದಿನ 2 ವರ್ಷಗಳಲ್ಲಿ ಆಸ್ಪತ್ರೆಗೆ ಸೇರಿದ್ದಿರಬೇಕು, ಇಲ್ಲವೇ ಉಸಿರಿನ ಪರೀಕ್ಷೆಯಲ್ಲಿ ಶ್ವಾಸದ ಶಕ್ತಿ ಅರ್ಧಕ್ಕಿಂತ ಕಡಮೆ ಎಂದು ತೋರಬೇಕು. ಹತ್ತಿಯ ಧೂಳಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಬಿಸಿನೋಸಿಸ್ ಎಂಬ ಶ್ವಾಸರೋಗ ಬರುತ್ತದೆ. ವಾರದ ರಜೆ ಮುಗಿಸಿ ಮತ್ತೆ ಗಿರಣಿಗೆ ಹೋದ ದಿನ ಎದೆ ಬಿಗಿಯುವುದು ಅದರ ಮೊದಲ ಗುರುತು. ಕಾನೂನೇ ಇದನ್ನು ಉದ್ಯೋಗದಿಂದ ಬರುವ ರೋಗವೆಂದು ಒಪ್ಪಿದೆ. ಆದರೂ ಕೆಮ್ಮುತ್ತಲೇ ಪಾಳಿ ಮುಗಿಸುವ ಬದಲಿ ಕೂಲಿಗಾರ, ಒಂದು ದಿನ ಹೋಗದಿದ್ದರೆ ಆ ದಿನದ ಕೂಲಿ ಇಲ್ಲವೆಂದು ಆಸ್ಪತ್ರೆಗೆ ಸೇರಿಯೇ ಇಲ್ಲ. ಸೇರಿಲ್ಲವಾದ್ದರಿಂದ ಅವನು ಗಟ್ಟಿಮುಟ್ಟಾದವನೆಂದು ಲೆಕ್ಕ!

ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಎಂದಾಯಿತು. ಸರ್ಟಿಫಿಕೇಟಿನ ಕಾಟ ತಪ್ಪಿತು. ಮೇ 1ರಿಂದ 18 ದಾಟಿದವರಿಗೂ ಬಾಗಿಲು ತೆರೆಯಿತು. ಆದರೆ ಅವರು ಇಂಟರ್ನೆಟ್ಟಿನಲ್ಲಿ ಮೊದಲೇ ಸರದಿ ಕಾದಿರಿಸಬೇಕೆಂಬ ಕಟ್ಟಳೆ ಬಂತು. ಸ್ಮಾರ್ಟ್ ಫೋನು ಇಲ್ಲದವನು ಏನು ಮಾಡಬೇಕೆಂದು ಆ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟೇ ಕೇಳಬೇಕಾಯಿತು. ಜೂನ್ 21ರಿಂದ 18 ದಾಟಿದ ಎಲ್ಲರಿಗೂ ಕೇಂದ್ರ ಸರ್ಕಾರದ ಖರ್ಚಿನಲ್ಲಿ ಲಸಿಕೆ ಎಂದಾಯಿತು. ಅಷ್ಟರಲ್ಲಿ ಎರಡನೆಯ ಅಲೆ ಎಷ್ಟೋ ಮನೆಗಳ ದೀಪ ಆರಿಸಿಹೋಗಿತ್ತು.

ಜನರನ್ನು ಹುಡುಕಿಕೊಂಡು ಹೋಗುವುದು ನಮ್ಮ ದೇಶಕ್ಕೆ ಬಾರದ ವಿದ್ಯೆಯಲ್ಲ. ಸಿಡುಬನ್ನು ಓಡಿಸಿದ್ದು ಹಾಗೆಯೇ. 1970ರ ದಶಕದಲ್ಲಿ ಆರೋಗ್ಯ ಕಾರ್ಯಕರ್ತರು ರೋಗಿಯ ಚಿತ್ರವಿದ್ದ ಕಾರ್ಡು ಹಿಡಿದು ಮನೆಮನೆಗೆ, ಸಂತೆಗೆ, ಶಾಲೆಗೆ ಹೋದರು. ಸಿಡುಬು ಕಂಡ ಮನೆಯ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದರು. ಕಾಗದ ತಂದು ತೋರಿಸಿ ಎನ್ನಲಿಲ್ಲ. 1975ರಲ್ಲಿ ಭಾರತದ ಕೊನೆಯ ಸಿಡುಬು ಕಾಣಿಸಿತು. 1980ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತೆಂದು ಸಾರಿದರು.

ಶಾಲೆಯಲ್ಲಿ ಹಾಜರಿ ಪುಸ್ತಕ ಹಿಡಿದವರಿಗೆ ಒಂದು ಮಾತು ಗೊತ್ತು. ಪುಸ್ತಕದಲ್ಲಿ ಹೆಸರಿಲ್ಲದ ಹುಡುಗ ಗೈರುಹಾಜರಿ ಎಂದೂ ಎಣಿಕೆಯಾಗುವುದಿಲ್ಲ. ಅವನು ಎಣಿಕೆಗೇ ಇಲ್ಲ. ನಮ್ಮ ಜನ ಆ ಸ್ಥಿತಿಯಲ್ಲಿರಬಾರದು. ಪಟ್ಟಿಯನ್ನು ರೋಗ ಬಂದ ಮೇಲಲ್ಲ, ಈಗಲೇ ಬರೆಯಬೇಕು.

ಆದ್ದರಿಂದ ನಮ್ಮ ಬೇಡಿಕೆ ಮೂರು. ಒಂದು: ಕಾಯಂ, ಬದಲಿ, ಗುತ್ತಿಗೆ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ಗಿರಣಿ ಕಾರ್ಮಿಕನ ಸಕ್ಕರೆ, ರಕ್ತದೊತ್ತಡ, ಉಸಿರಿನ ಶಕ್ತಿಯನ್ನು ವರ್ಷಕ್ಕೊಮ್ಮೆ ಸಂಬಳ ಕಡಿಯದೆ ಪರೀಕ್ಷಿಸಿ, ಫಲಿತಾಂಶವನ್ನು ಅವನ ಕೈಗೆ ಕೊಡಬೇಕು. ಎರಡು: ಅಂಗಡಿಯವರು, ತಳ್ಳುಗಾಡಿಯವರು, ಹಮಾಲರು ಇರುವಲ್ಲಿಗೆ, ಅವರಿಗೆ ಬಿಡುವಾದ ಹೊತ್ತಿನಲ್ಲಿ ತಪಾಸಣೆ ಬರಬೇಕು. ಮೂರು: ಮುಂದೆ ಯಾವ ಲಸಿಕೆ ಬಂದರೂ ಗಿರಣಿಯ ಗೇಟಿನಲ್ಲಿ ಪಾಳಿ ಬದಲಾಗುವಾಗ ಸಿಗಬೇಕು. ಜ್ವರ ಬಂದರೆ ಮರುದಿನ ಸಂಬಳದ ರಜೆ ಬೇಕು.

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂರುವುದು ಬೇಡ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ರಕ್ತದೊತ್ತಡದ ತಪಾಸಣೆ ಉಚಿತ. ಈ ವಾರವೇ ಹೋಗಿ. ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. ಪ್ರತಿ ಓಣಿಯಲ್ಲಿ ಓದುಬರಹ ಬಲ್ಲ ಒಬ್ಬರು ಒಂದು ನೋಟುಪುಸ್ತಕ ಹಿಡಿದು, ಮನೆಯವರ ಒಪ್ಪಿಗೆ ಪಡೆದು, ಅಲ್ಲಿನ ವಯಸ್ಸಾದವರ, ಗರ್ಭಿಣಿಯರ, ಕೆಮ್ಮಿನವರ, ಸಕ್ಕರೆಯವರ ಹೆಸರು ಬರೆದಿಡಲಿ. ನಾಳೆ ಅಧಿಕಾರಿಗಳು ಪಟ್ಟಿ ಎಲ್ಲಿ ಎಂದು ಕೇಳಿದರೆ, ಇಗೋ ಇಲ್ಲಿದೆ ಎಂದು ಮೇಜಿನ ಮೇಲಿಡೋಣ.