ಎರಡು ಲಾವಾಗಳ ನಡುವಿನ ಕೆಂಪು ಮಣ್ಣು



ಕೇರಳದ ತ್ರಿಪ್ಪುಣಿತ್ತುರದಲ್ಲಿ ಮನೆ ಕಟ್ಟಿಸಿದವರಿಗೆ ಮುರಕಲ್ಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇದೇ ಕೇರಳದ ಅಂಗಾಡಿಪ್ಪುರದ ಕಲ್ಲಿಗೆ. ಅದು ಜ್ವಾಲಾಮುಖಿ ಉಗುಳಿದ್ದಲ್ಲ. ಮಳೆ, ಬಿಸಿಲು, ದೀರ್ಘಕಾಲ ಸೇರಿ ತಾಯಿಕಲ್ಲನ್ನು ಕೊಳೆಸಿ, ಕಬ್ಬಿಣವನ್ನು ಉಳಿಸಿ ಮಾಡಿದ್ದು. ಬೀದರಿನಲ್ಲಿ ಅದೇ ಮುರಕಲ್ಲು ಕರಿಯ ಬಸಾಲ್ಟಿನ ಮೇಲೆ ಕೂತಿದೆ. ಮುರಕಲ್ಲಿನಲ್ಲಿ ಇಂಗಿದ ನೀರು ಕೆಳಗಿನ ಕರಿಕಲ್ಲಿಗೆ ಬಂದು ನಿಲ್ಲುತ್ತದೆ. ಬಹಮನಿ ಕಾಲದ ಜನ ಆ ಸಂಧಿಯನ್ನೇ ಹಿಡಿದು ನೌಬಾದಿನಲ್ಲಿ ಕರೇಜ್ ಎಂಬ ನೀರಿನ ಸುರಂಗ ತೋಡಿದರು. ಭೂವಿಜ್ಞಾನವೆಂಬ ಶಾಸ್ತ್ರ ಹುಟ್ಟುವ ಮೊದಲೇ ಪದರಗಳನ್ನು ಓದಬಲ್ಲವರಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಆ ಕರಿಕಲ್ಲು ದಖನ್ ಲಾವಾ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಶಿಖರವುಳ್ಳ ಒಂದು ಬೆಟ್ಟದಿಂದಲ್ಲ, ನೆಲ ಬಿರಿದ ಉದ್ದನೆಯ ಸೀಳುಗಳಿಂದ ಹರಿದದ್ದು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಅದರ ದಕ್ಷಿಣದ ಅಂಚು. ಗೋಲಗುಮ್ಮಟದ ಕಲ್ಲೂ ಅದೇ, ಅಲ್ಲಿನ ಜೋಳ ಬೆಳೆಯುವ ಎರೆಮಣ್ಣೂ ಅದೇ ಸವೆದು ಆದದ್ದು.

ಇಂಥದರ ಚರಿತ್ರೆ ಬರೆಯುವುದು ಹೇಗೆ? ಬೆಳಗಾವಿ ಕಡೆಯ ಯಾವುದಾದರೂ ಕಲ್ಲುಕ್ವಾರಿಯ ಗೋಡೆಯೆದುರು ನಿಂತು ಕೆಳಗಿನಿಂದ ಮೇಲಕ್ಕೆ ನೋಡಿ. ಒಂದು ಹರಿವಿನ ನಡುಭಾಗ ಗಟ್ಟಿ, ಉಳಿ ತಾಗಿದರೆ ಠಣ್ ಎನ್ನುತ್ತದೆ. ಮೇಲೇರಿದಂತೆ ಅನಿಲ ಹೊರಟುಹೋದ ಗುಳ್ಳೆಗಳು; ಅವುಗಳಲ್ಲಿ ಬಿಳಿಯ ಜಿಯೋಲೈಟ್, ಕ್ಯಾಲ್ಸೈಟ್ ಹರಳು ತುಂಬಿಕೊಂಡಿವೆ. ಅದರ ಮೇಲೆ ಕೆಲವೆಡೆ ಇಟ್ಟಿಗೆ ಬಣ್ಣದ ಮಣ್ಣಿನ ಪಟ್ಟಿ, ಉಗುರಿನಿಂದ ಕೆರೆದರೆ ಉದುರುವಂಥದ್ದು. ಅದರ ಮೇಲೆ ಮತ್ತೆ ಕರಿಕಲ್ಲು. ಕಣ್ಣು ಕರಿಕಲ್ಲಿನ ಕಡೆಗೇ ಹೋಗುತ್ತದೆ. ಆದರೆ ಒಂದು ಹರಿವು ಹರಿದು ಮುಗಿಯಲು ಹಿಡಿದ ಕಾಲ ಅಲ್ಪ. ಉಳಿದ ಕಾಲವೆಲ್ಲ ಆ ಕೆಂಪು ಪಟ್ಟಿಯಲ್ಲಿದೆ: ಲಾವಾ ನಿಂತು, ಮಳೆ ಬಿದ್ದು, ಕಲ್ಲು ಮಣ್ಣಾದ ಕಾಲ. ಮುರಕಲ್ಲನ್ನು ಮಾಡಿದ ಅದೇ ಕೆಲಸ ಅಲ್ಲಿ ಮುಂದಿನ ಲಾವಾ ಬಂದು ಅರ್ಧಕ್ಕೆ ನಿಂತಿದೆ. ಯಾದಗಿರಿ ಜಿಲ್ಲೆಯ ಗುರುಮಠಕಲ್‌ನಲ್ಲಂತೂ ಎರಡು ಹರಿವುಗಳ ನಡುವೆ ಸಿಹಿನೀರಿನ ಪುಟ್ಟ ಜೀವಿಗಳ ಚಿಪ್ಪುಗಳೇ ಸಿಕ್ಕಿವೆ. ಅಂದರೆ ಲಾವಾದ ನೆಲದಲ್ಲಿ ಕೆರೆಯೊಂದು ತುಂಬಿ ಬಾಳಿತ್ತು.

ಪಟ್ಟಿಯ ದಪ್ಪ ಅಳೆದು ವರ್ಷ ಹೇಳಲಾಗದು. ಮಣ್ಣಾಗುವ ವೇಗ ಎಲ್ಲೆಡೆ ಒಂದೇ ಅಲ್ಲ. ಇಲ್ಲಿ ನೆರವಾಗುವುದು ಬೂದಿ. ಸಿಲಿಕಾ ಹೆಚ್ಚಿರುವ ಬೇರೆ ಸ್ಫೋಟಗಳ ಬೂದಿ ಗಾಳಿಯಲ್ಲಿ ಬಂದು ಕೆಲವು ಕೆಂಪು ಪಟ್ಟಿಗಳಲ್ಲಿ ಬಿದ್ದಿದೆ. ಅದರೊಳಗಿನ ಜಿರ್ಕಾನ್ ಹರಳಿನಲ್ಲಿ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ; ಅವುಗಳ ಪ್ರಮಾಣ ಅಳೆದರೆ ವಯಸ್ಸು ಸಿಗುತ್ತದೆ. ಭೂವಿಜ್ಞಾನಿ ಬ್ಲೇರ್ ಶೋನೆ ತಂಡ ಹೀಗೆ ಅಳೆದು, ಸ್ಫೋಟಗಳು ನಾಲ್ಕು ಅಲೆಗಳಲ್ಲಿ ನಡೆದವೆಂದೂ ಅವುಗಳಲ್ಲೊಂದು ಡೈನೊಸಾರ್‌ಗಳ ಅಳಿವಿಗೆ ತುಸು ಮೊದಲು ಶುರುವಾಯಿತೆಂದೂ 2019ರಲ್ಲಿ ಹೇಳಿತು. ಅದೇ ವರ್ಷ ಕರ್ಟ್ನಿ ಸ್ಪ್ರೇನ್ ತಂಡ ಲಾವಾದ ಹರಳುಗಳನ್ನೇ ಆರ್ಗಾನ್ ವಿಧಾನದಿಂದ ಅಳೆದು, ಹೆಚ್ಚಿನ ಲಾವಾ ಅಳಿವಿನ ನಂತರ ಹರಿಯಿತೆಂದಿತು. ಒಟ್ಟು ಅವಧಿ ಸುಮಾರು 10 ಲಕ್ಷ ವರ್ಷ ಎಂಬಲ್ಲಿ ಇಬ್ಬರೂ ಹತ್ತಿರ ಬರುತ್ತಾರೆ. ನನಗೆ ಜಿರ್ಕಾನಿನ ಕಡೆ ಒಲವು. ಆದರೆ ಜಿರ್ಕಾನ್ ಎಲ್ಲ ಪಟ್ಟಿಗಳಲ್ಲೂ ಸಿಗುವುದಿಲ್ಲವೆಂಬುದು ಅದರ ದೊಡ್ಡ ಕೊರತೆ.

ಕಾಲ ಗುರುತಿಸಲು ಕಲ್ಲಿನ ಕಾಂತಗುಣವೂ ಜೊತೆಗಿದೆ. ಆರುವಾಗ ಲಾವಾ ಆ ಹೊತ್ತಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಶ್ಚಿಮ ಘಟ್ಟದ ಹೆಚ್ಚಿನ ಹರಿವುಗಳಲ್ಲಿ ದಿಕ್ಕು ತಿರುಗುಮುರುಗು, ಮೇಲಿನವುಗಳಲ್ಲಿ ಇಂದಿನಂತೆ. ಪದರಗಳು ದಕ್ಷಿಣಕ್ಕೆ ಬಂದಂತೆ ಕಿರಿಯವಾಗುತ್ತವೆ. ಸರಣಿಯ ತುದಿಯಲ್ಲಿ ಎಣಿಸುವ ಘಟಕಕ್ಕೆ ಬೆಳಗಾವಿಯ ಹತ್ತಿರದ ದೇಸೂರಿನ ಹೆಸರಿದೆ. ಆ ಭಾಗದಲ್ಲಿ ರಸ್ತೆ ಅಗಲಿಸುವಾಗ ಮೊದಲು ಕುಸಿಯುವುದು ಆ ಕೆಂಪು ಪಟ್ಟಿಗಳೇ, ಮೊದಲು ಕೆರೆದು ಕಾಂಕ್ರೀಟ್ ಬಳಿಯುವುದೂ ಅವುಗಳಿಗೇ. ಗೋಡೆ ಮುಚ್ಚುವ ಮುನ್ನ ಪ್ರತಿ ಪಟ್ಟಿಯಿಂದ ಒಂದು ಚೀಲ ಮಣ್ಣು ತೆಗೆದು, ಸ್ಥಳದ ಗುರುತು ಬರೆದು ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಮುಟ್ಟಿಸಿದರೂ ಸಾಕು. ಅದಕ್ಕೆ ದೊಡ್ಡ ಖರ್ಚೇನೂ ಬೀಳದು.