ತೆರೆಯ ಮೇಲಿನ ಕಾಡು, ಕಡತದೊಳಗಿನ ಕಾಡು
(ಬಳಗದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಗಿನಿಂದ ಅರಣ್ಯ ಹಕ್ಕಿನ ಅರ್ಜಿ, ಸೊಪ್ಪಿನಬೆಟ್ಟ, ಶರಾವತಿ ಕಣಿವೆಯ ಯೋಜನೆ ಮುಂತಾದ ಗಂಭೀರ ವಿಷಯಗಳು ಚರ್ಚೆಯಾದ ಈ ಸಭೆಯಲ್ಲಿ ಸಿನಿಮಾ ಕುರಿತು ಮಾತನಾಡಬೇಕೆಂದು ಸಂಘಟಕರು ಹೇಳಿದಾಗ ನನಗೆ ತುಸು ಸಂಕೋಚವೇ ಆಯಿತು. ಆದರೂ ಒಪ್ಪಿಕೊಂಡೆ. ನಮ್ಮ ಬೆಟ್ಟಗಳನ್ನು ಎಂದೂ ಮೆಟ್ಟದ ಲಕ್ಷಾಂತರ ಜನರಿಗೆ ಅವುಗಳ ಪರಿಚಯವಾಗುವುದು ತೆರೆಯ ಮೂಲಕ. ಘಟ್ಟದ ಯಾವುದೋ ಯೋಜನೆ ಬೇಕೇ ಬೇಡವೇ ಎಂಬ ಪ್ರಶ್ನೆ ರಾಜಧಾನಿಯಲ್ಲಿ ಎದ್ದಾಗ ಅವರ ಕಣ್ಣೆದುರು ಬರುವುದು ಅವರು ನೋಡಿದ ಚಿತ್ರದ ಕಾಡು, ಆ ಚಿತ್ರದ ಹಳ್ಳಿಗ. ಆದುದರಿಂದ ಈಚಿನ ಕೆಲವು ಚಿತ್ರಗಳ ಗುಣದೋಷಗಳನ್ನು ನಮ್ಮ ಅಂಗಳದಲ್ಲಿ ನಿಂತು ತೂಗುವುದು ವ್ಯರ್ಥವಾಗಲಾರದು. ಛಾಯಾಗ್ರಹಣ, ಹಾಡು, ಗಳಿಕೆಗಳ ವಿಚಾರವನ್ನು ಪತ್ರಿಕೆಯವರಿಗೇ ಬಿಡುತ್ತೇನೆ.

ಹಳೆಯದೊಂದನ್ನು ಮೊದಲು ನೆನೆಯೋಣ. 1973ರ 'ಗಂಧದ ಗುಡಿ'ಯಲ್ಲಿ ಡಾ. ರಾಜಕುಮಾರ್ ಅರಣ್ಯಾಧಿಕಾರಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಹುಲಿ ಯೋಜನೆ ಆರಂಭವಾಗಿ ಬಂಡೀಪುರ ಅದರೊಳಗೆ ಸೇರಿದ್ದು 1973ರಲ್ಲಿ. ಕಾಡನ್ನು ಉಳಿಸುವವನು ಸರಕಾರಿ ಅಧಿಕಾರಿ, ಕೆಡಿಸುವವನು ಕಳ್ಳಸಾಗಣೆದಾರ ಎಂಬ ನಂಬಿಕೆ ಆ ಕಾಲಕ್ಕೆ ಸಹಜವಾಗಿತ್ತು. ಸುಮಾರು ಅರ್ಧ ಶತಮಾನದ ಬಳಿಕ, 2021ರಲ್ಲಿ, 'ಪುಷ್ಪ' ಎಂಬ ತೆಲುಗು ಚಿತ್ರ ರಕ್ತಚಂದನ ಸಾಗಿಸುವವನನ್ನೇ ನಾಯಕನನ್ನಾಗಿಸಿತು. ಕನ್ನಡದ ಧ್ವನಿಯಲ್ಲೂ ಬಂತು. ಮರ ಅಲ್ಲಿ ಸರಕು ಮಾತ್ರ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಹೇಳಬೇಕಾದದ್ದು 'ಕಾಂತಾರ'ದ ಬಗ್ಗೆ. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ರಿಷಬ್ ಶೆಟ್ಟರ ಈ ಚಿತ್ರವನ್ನು ನಿಮ್ಮಲ್ಲಿ ನೋಡದವರು ವಿರಳ. ಇದರ ಮೊದಲ ಗುಣವೆಂದರೆ, ಕಾಡಂಚಿನ ಭೂಮಿಯ ಜಗಳವನ್ನು ಅದು ಜನಪ್ರಿಯ ಚಿತ್ರದ ನಡುಮನೆಗೆ ತಂದು ಕೂರಿಸಿತು. 1847ರಲ್ಲಿ ಅರಸ ದೈವದ ಸಾಕ್ಷಿಯಾಗಿ ಬಿಟ್ಟುಕೊಟ್ಟ ನೆಲ, 1990ರಲ್ಲಿ ಇಲಾಖೆಯ ನಕ್ಷೆಯಲ್ಲಿ ಮೀಸಲು ಅರಣ್ಯವಾಗಿ ಕಾಣಿಸುತ್ತದೆ. ಒಬ್ಬರ ಪಾಲಿನ ಸತ್ಯ ಇನ್ನೊಬ್ಬರ ಪಾಲಿಗೆ ಅತಿಕ್ರಮಣ. ಇದು ನಮ್ಮ ಮನೆಮನೆಯ ಕತೆ. ಎರಡನೆಯ ಗುಣ ಲೀಲಾಳ ಪಾತ್ರ. ಅದೇ ಊರಿನ ಹುಡುಗಿ ಅರಣ್ಯ ರಕ್ಷಕಿಯ ಕೆಲಸ ಸಿಕ್ಕಿ, ಸಮವಸ್ತ್ರ ತೊಟ್ಟು, ತನ್ನವರ ಎದುರಿಗೆ ಬೇಲಿಯ ಆಚೆ ನಿಲ್ಲಬೇಕಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇಂಥ ಮಕ್ಕಳಿದ್ದಾರೆ. ಹಗಲು ಇಲಾಖೆಯ ಜೀಪಿನಲ್ಲಿ, ರಾತ್ರಿ ಅಪ್ಪನ ಮೌನದೆದುರು. ಚಿತ್ರ ಇವಳ ಬಳಿ ಇನ್ನಷ್ಟು ಹೊತ್ತು ನಿಂತಿದ್ದರೆ ಅದರ ತೂಕವೇ ಬೇರೆಯಾಗುತ್ತಿತ್ತು. ನಾಯಕ ಅವಳನ್ನು ಒಲಿಸಿಕೊಳ್ಳುವ ದೃಶ್ಯಗಳ ಅಸಭ್ಯತೆಗೆ ವ್ಯಯವಾದ ಸಮಯವನ್ನು ಇದಕ್ಕೆ ಕೊಡಬಹುದಿತ್ತು.

ದೋಷ ಇರುವುದು ಬಗೆಹರಿಸುವ ರೀತಿಯಲ್ಲಿ. ಜಗಳ ಶುರುವಾದದ್ದು ಪ್ರಜೆಗೂ ಪ್ರಭುತ್ವಕ್ಕೂ ನಡುವೆ. ಆದರೆ ಕತೆ ಮುಂದುವರಿದಂತೆ ಊರಿನ ಧಣಿಯೇ ಕೊಲೆಗಡುಕನೆಂದು ಗೊತ್ತಾಗುತ್ತದೆ. ಅಧಿಕಾರಿ ಮುರಳೀಧರ ಒಳ್ಳೆಯವನಾಗುತ್ತಾನೆ. ಕೊನೆಗೆ ದೈವ ಅಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಕೂಡಿಸುತ್ತದೆ. ಆ ದೃಶ್ಯದಲ್ಲಿ ನನ್ನ ಕಣ್ಣೂ ಒದ್ದೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ದೈವದ ಮೇಲಿನ ನಂಬಿಕೆಯನ್ನು ನಾನು ಹಗುರಗೊಳಿಸುತ್ತಿಲ್ಲ. ಆದರೆ ಚಿತ್ರಮಂದಿರದಿಂದ ಹೊರಬಂದ ಮೇಲೆ ಒಂದು ಪ್ರಶ್ನೆ ಕಾಡಿತು: ಆ ನೆಲದ ಪಹಣಿ ಯಾರ ಹೆಸರಿಗಾಯಿತು? 1978ರ ಏಪ್ರಿಲ್ 27ಕ್ಕೆ ಮುಂಚಿನ ಸಾಗುವಳಿಯೇ, ನಂತರದ್ದೇ ಎಂದು ಯಾರಾದರೂ ಕೇಳಿದರೇ? ಆ ದಿನಾಂಕ ನಮ್ಮ ಅಜ್ಜಿಯಂದಿರಿಗೂ ಬಾಯಿಪಾಠ. ಮುಂದೆ 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷಗಳ, ವಾಸಕ್ಕೆ ಸಾಕ್ಷ್ಯ ಒದಗಿಸಬೇಕಾಯಿತು. ಅಜ್ಜ ನೆಟ್ಟ ಹಲಸಿನ ಮರವಿದೆ, ಕಾಗದವಿಲ್ಲ. ಕೈ ಕೂಡಿಸಿದ ಮರುದಿನ ಸರ್ವೆಯವನು ಸರಪಳಿ ಹಿಡಿದು ಬರುತ್ತಾನೆ. ಚಿತ್ರ ಅಷ್ಟರೊಳಗೆ ಮುಗಿದಿರುತ್ತದೆ.

ದುಷ್ಟನೊಬ್ಬ ಸತ್ತರೆ ಸಮಸ್ಯೆ ಸಾಯುತ್ತದೆ ಎಂಬ ಭಾವನೆಯನ್ನು ಪ್ರೇಕ್ಷಕ ಮನೆಗೆ ಒಯ್ಯುತ್ತಾನೆ. ನಮ್ಮ ಸಂಕಷ್ಟಗಳಲ್ಲಿ ಅಂಥ ದುಷ್ಟ ಬಹಳ ಸಲ ಇರುವುದೇ ಇಲ್ಲ. ಇರುವುದು ಒಂದು ಕಡತ, ಅದು ಕೂತಿರುವ ಮೇಜು, ವರ್ಗವಾಗಿ ಹೋದ ಅಧಿಕಾರಿ.

2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ: ಅಧ್ಯಾಯ 1' ಹಿಂದಿನ ಅರಸರ ಕಾಲಕ್ಕೆ ಹೋಗುತ್ತದೆ. ಅದರಲ್ಲಿ ನನಗೆ ಹಿಡಿಸಿದ್ದು ಸಾಂಬಾರ ಪದಾರ್ಥಗಳ ವಿಚಾರ. ಕಾಡಿನಲ್ಲಿ ಬೆಳೆದದ್ದಕ್ಕೆ ಬಂದರಿನಲ್ಲಿ ಎಂಥ ಬೆಲೆಯಿದೆ ಎಂಬುದು ಕಾಡಿನ ಜನಕ್ಕೆ ತಿಳಿಯುವ ಭಾಗ ಅರ್ಥಪೂರ್ಣ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ನಾಡು ನಮ್ಮದು. ಘಟ್ಟ ಎಂದೂ ಲೋಕದಿಂದ ದೂರವಿರಲಿಲ್ಲ. ಆದರೆ ಬೇಗನೆ ಯುದ್ಧ, ರಥ, ಗಣಕದಲ್ಲಿ ಹುಟ್ಟಿದ ಅದ್ಭುತಗಳು ಬಂದು ಮೆಣಸಿನ ಬಳ್ಳಿ ಮರೆಯಾಗುತ್ತದೆ.

ಪುನೀತ್ ರಾಜಕುಮಾರ್ ಅಗಲಿದ ಒಂದು ವರ್ಷಕ್ಕೆ, 2022ರ ಅಕ್ಟೋಬರ್ 28ರಂದು ಬಿಡುಗಡೆಯಾದ ಅಮೋಘವರ್ಷರ 'ಗಂಧದ ಗುಡಿ'ಯನ್ನು ಟೀಕಿಸಲು ಮನಸ್ಸು ಬಾರದು. ಜನಪ್ರಿಯ ನಟನೊಬ್ಬ ವೇಷ ಕಳಚಿ, ಹಾವಿಗೆ ಹೆದರುತ್ತಾ, ಕಾಡಿನೊಳಗೆ ನಡೆಯುವುದೇ ಒಂದು ಒಳ್ಳೆಯ ಕೆಲಸ. ಆದರೆ ಆ ಕಾಡಿನಲ್ಲಿ ವ್ಯಾಜ್ಯವಿಲ್ಲ. ಅಣೆಕಟ್ಟು, ಗಣಿ, ವಿದ್ಯುತ್ ಮಾರ್ಗಗಳ ಬಗ್ಗೆ ಸಿಟ್ಟಿನಿಂದ ಕೇಳುವವರು ಯಾರೂ ಎದುರಾಗುವುದಿಲ್ಲ. ಅತಿಥಿ ನೋಡಿದ ಕಾಡು ಅದು.

ಹಾಗಾದರೆ ಈಚೆಗೆ ನಮ್ಮ ಬದುಕಿನ ಹತ್ತಿರಕ್ಕೆ ಬಂದವರು ಯಾರು? ಶಿರಸಿ ಕಡೆಯ ನಟೇಶ್ ಹೆಗಡೆ ಎಂಬ ತರುಣ ನಿರ್ದೇಶಕರು. ಅವರ 'ಪೆದ್ರೊ' (2021) ಚಿತ್ರದ ಪೆದ್ರೊ ಮಳೆಯಲ್ಲಿ ವಿದ್ಯುತ್ ಕೆಲಸ ಮಾಡುವವನು. ಹೆಗಡೆಯವರ ತೋಟ ಕಾಯಲು ಒಪ್ಪಿ, ಅಕಸ್ಮಾತ್ತಾಗಿ ಹಸುವೊಂದನ್ನು ಕೊಲ್ಲುತ್ತಾನೆ. ಅಲ್ಲಿಂದ ಊರು ಅವನಿಂದ ಮೆಲ್ಲಗೆ ದೂರವಾಗುತ್ತದೆ. ಯಾರೂ ಉದ್ದುದ್ದ ಮಾತಾಡುವುದಿಲ್ಲ. ತೋಟದ ಕತ್ತಲೆ, ಸುರಿಯುವ ಮಳೆ, ಧಣಿಯ ಜಗುಲಿ ಇವು ನೋಟಕ್ಕಿಟ್ಟ ವಸ್ತುಗಳಾಗದೆ ಬದುಕಿನ ಭಾರವಾಗಿ ಬರುತ್ತವೆ. ಮಲೆನಾಡನ್ನು ಹೊಗಳುವಾಗ ನಾವು ಮರೆಮಾಚುವ ಸಂಗತಿಯನ್ನು, ಎಂದರೆ ಇಲ್ಲಿಯ ಹಸಿರಿನೊಳಗೂ ಮೇಲು ಕೀಳಿದೆ, ಒಡೆಯ ಆಳು ಇದ್ದಾರೆ ಎಂಬುದನ್ನು, ಅದು ಎತ್ತಿ ತೋರಿಸುತ್ತದೆ. ನಮ್ಮಂಥ ಪರಿಸರ ಬಳಗಗಳಿಗೇ ಇದು ನಾಟಬೇಕಾದ ಮಾತು. ನಮ್ಮ ಸಭೆಗಳ ಮುಂದಿನ ಸಾಲಿನಲ್ಲಿ ಯಾರು ಕೂರುತ್ತಾರೆಂದು ಒಮ್ಮೆ ತಿರುಗಿ ನೋಡಿ. ಅವರ ಎರಡನೆಯ ಚಿತ್ರ 'ವಾಘಾಚಿಪಾಣಿ' 2025ರಲ್ಲಿ ಬರ್ಲಿನ್ ಚಿತ್ರೋತ್ಸವಕ್ಕೆ ಹೋಯಿತು; ಅದರಲ್ಲೂ ಊರ ಚುನಾವಣೆ ಮತ್ತು ಧಣಿಯ ಮನೆಯ ಕೆಲಸದ ಹುಡುಗಿಯ ಗತಿ ಒಂದಕ್ಕೊಂದು ಹೆಣೆದುಕೊಂಡಿವೆ. ಈ ಚಿತ್ರಗಳ ದೌರ್ಬಲ್ಯವನ್ನೂ ಹೇಳಬೇಕು. ಮೌನವನ್ನು ಅವು ಅಷ್ಟೊಂದು ನೆಚ್ಚಿಕೊಂಡಿವೆಯೆಂದರೆ, ಯಾರ ಕತೆ ಹೇಳುತ್ತಿವೆಯೋ ಅವರೇ ತಾಳ್ಮೆಗೆಟ್ಟು ಎದ್ದು ಹೋಗಬಹುದು. 'ಪೆದ್ರೊ'ವನ್ನು ರಿಷಬ್ ಶೆಟ್ಟರೇ ನಿರ್ಮಿಸಿದ್ದಾರೆಂಬುದು ಗಮನಾರ್ಹ. 'ಕಾಂತಾರ'ಕ್ಕೆ ಮುಗಿಬಿದ್ದ ನಮ್ಮೂರುಗಳಲ್ಲಿ 'ಪೆದ್ರೊ' ನೋಡಿದವರನ್ನು ಬೆರಳಲ್ಲಿ ಎಣಿಸಬಹುದು.

ತೂಕದ ಕಲ್ಲಾಗಿ ನಾನು ಬಳಸುತ್ತಿರುವುದು ಗಿರೀಶ ಕಾಸರವಳ್ಳಿಯವರ 'ದ್ವೀಪ' (2002). 2025ರ ಜನವರಿಯಲ್ಲಿ ನಮ್ಮನ್ನು ಅಗಲಿದ ನಾ. ಡಿ'ಸೋಜರ ಕಾದಂಬರಿಯನ್ನು ಆಧರಿಸಿದ್ದು. ಅಣೆಕಟ್ಟಿನ ನೀರು ಏರುತ್ತದೆ. ಊರವರು ಪರಿಹಾರ ಪಡೆದು ಒಬ್ಬೊಬ್ಬರಾಗಿ ಹೊರಡುತ್ತಾರೆ. ಗುಡ್ಡದ ಮೇಲೆ ಪೂಜೆಯ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ ಉಳಿಯುತ್ತಾರೆ. ಅಲ್ಲಿ ಖಳನಿಲ್ಲ, ನೀರಿದೆ. ಹಗಲಿರುಳು ದುಡಿದು ಮನೆಯನ್ನು ಉಳಿಸಿಕೊಂಡವಳು ನಾಗಿ; ಆದರೆ ಗಣಪ ಅದನ್ನು ದೇವರ ಕೃಪೆಯೆನ್ನುತ್ತಾನೆ. 'ಕಾಂತಾರ'ದಲ್ಲಿ ದೈವವೇ ಮುಂದೆ ಬಂದು ಎಲ್ಲವನ್ನೂ ಸರಿಪಡಿಸಿದರೆ, 'ದ್ವೀಪ'ದಲ್ಲಿ ದೇವರ ಹೆಸರಿನಲ್ಲಿ ಹೆಂಗಸೊಬ್ಬಳ ದುಡಿಮೆ ಅಳಿಸಿಹೋಗುತ್ತದೆ, ಮತ್ತು ಹಾಗೆ ಅಳಿಸಿಹೋದುದನ್ನು ಕ್ಯಾಮೆರಾ ನಾಗಿಯ ಮುಖದಲ್ಲಿ ನಮಗೆ ಕಾಣಿಸುತ್ತದೆ. ಲಿಂಗನಮಕ್ಕಿ ಪೂರ್ಣಗೊಂಡದ್ದು 1964ರಲ್ಲಿ. ಅದರ ಸಂತ್ರಸ್ತರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲೇ ಕುಳಿತಿದ್ದಾರೆ. ಅದೇ ಕಣಿವೆಯಲ್ಲಿ 2000 ಮೆಗಾವಾಟಿನ ಭೂಗತ ವಿದ್ಯುದಾಗಾರದ ಮಾತು ಎದ್ದ ಮೇಲೆ ನಾಗಿಯ ಆ ಮುಖ ನನಗೆ ಹಳೆಯದೆನಿಸಿಲ್ಲ.

ಇನ್ನು ನನ್ನ ಮಾತು ಸಾಕು. ಸಂಜೆ ಏಳಕ್ಕೆ ಇದೇ ಸಭಾಭವನದಲ್ಲಿ 'ದ್ವೀಪ'ದ ಪ್ರದರ್ಶನವಿದೆ. ವಿದ್ಯುತ್ ಕೈಕೊಟ್ಟರೆ ಜನರೇಟರ್ ಇದೆಯೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಹೆಂಗಸರು ಅಡಿಗೆಮನೆಯ ಕೆಲಸವನ್ನು ಗಂಡಸರಿಗೊಪ್ಪಿಸಿ ಮುಂದಿನ ಸಾಲಿಗೆ ಬರಬೇಕೆಂದು ಕೋರುತ್ತೇನೆ.